ಇಂಥವರ ಹೆಂಡತಿ, ಇಂಥವರ ತಾಯಿ: ಪಟ್ಟಿಯಿಂದ ಹೊರಬಿದ್ದ 28 ಲಕ್ಷ ಹೆಂಗಸರು

ಮರೆತುಹೋದ ಹೆಂಗಸರ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಯಾರಾದರೂ ಒಬ್ಬರನ್ನು ಹಿಡಿದುಕೊಳ್ಳುತ್ತೇವೆ. ಒಬ್ಬ ರಾಣಿ, ಒಬ್ಬ ಸತ್ಯಾಗ್ರಹಿ, ಶಾಲೆ ತೆರೆದ ಒಬ್ಬ ವಿಧವೆ. ಹಳೇ ಫೋಟೋ ಒಂದು ಸಿಕ್ಕಿಬಿಟ್ಟರೆ ಇನ್ನೂ ಒಳ್ಳೆಯದು. ನಾನು ಇಲ್ಲಿ ಎತ್ತಿಕೊಂಡಿರುವ ಪ್ರಕರಣದಲ್ಲಿ ಅಂಥ ಒಬ್ಬರೂ ಇಲ್ಲ. ಒಂದು ಸಂಖ್ಯೆ ಇದೆ, ಅಷ್ಟೇ. 28 ಲಕ್ಷ.

ಭಾರತದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾದಾಗ ಸುಮಾರು 28 ಲಕ್ಷ ಹೆಂಗಸರ ಹೆಸರು ಹೊಡೆದುಹಾಕಿದರು. ಹೆಸರು ಅಂದೆ, ನೋಡಿ, ಅದೇ ತಪ್ಪು. ಅಲ್ಲಿ ಹೆಸರೇ ಇರಲಿಲ್ಲ. ಇಲ್ಲದ್ದಕ್ಕೇ ಹೊಡೆದದ್ದು. ಹೆಸರಿನ ಜಾಗದಲ್ಲಿ ಬರೆದಿದ್ದು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಅಂತ.

ಚುನಾವಣೆಯ ಚರಿತ್ರೆ ಓದಿದವರಿಗೆ ಈ ಸಂಗತಿ ಗೊತ್ತಿರುತ್ತದೆ. ಅದನ್ನು ಸ್ವಾರಸ್ಯದ ಮಾತು ಅಂತ ಎರಡು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಎರಡು ವಾಕ್ಯಕ್ಕೆ ಮುಗಿಯುವ ಮಾತು ಇದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹಳ್ಳಿಯ ಹೆಂಗಸರು ಚರಿತ್ರೆಯಿಂದ ಹೇಗೆ ಜಾರಿಹೋಗುತ್ತಾರೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಬೇರೆ ಕಡಿಮೆ. ಸಾಮಾನ್ಯವಾಗಿ ಮರೆವು ನಿಧಾನಕ್ಕೆ ಆಗುತ್ತದೆ, ಯಾವಾಗ ಆಯಿತು ಅಂತ ಹೇಳಲು ಬರುವುದಿಲ್ಲ. ಇಲ್ಲಿ ಜಾಗ ಗೊತ್ತು, ಕಾಲ ಗೊತ್ತು, ಯಾವ ಕಾಲಂನಲ್ಲಿ ಆಯಿತು ಅನ್ನುವುದೂ ಗೊತ್ತು.

ಬಾಗಿಲ ಮುಂದೆ

ಪಟ್ಟಿಯ ಕೆಲಸ ಶುರುವಾದದ್ದು ಸಂವಿಧಾನ ಬರುವ ಮೊದಲೇ. ಸಂವಿಧಾನ ಸಭೆ ಇನ್ನೂ ಕರಡು ತಿದ್ದುತ್ತಾ ಕೂತಿದ್ದಾಗಲೇ, 1948ರಲ್ಲಿ, ಸಭೆಯ ಕಾರ್ಯಾಲಯದಿಂದ ಪ್ರಾಂತ್ಯಗಳಿಗೆ ಸೂಚನೆ ಹೋಯಿತು. ಮನೆಮನೆಗೆ ಹೋಗಿ, 21 ವರ್ಷ ದಾಟಿದ ಎಲ್ಲರನ್ನೂ ಬರೆದುಕೊಳ್ಳಿ ಅಂತ. ಆಗ ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದವರು ನಮ್ಮ ಕರಾವಳಿ ಮೂಲದ ಬೆನೆಗಲ್ ನರಸಿಂಗ ರಾಯರು. ಎಲ್ಲ ವಯಸ್ಕರಿಗೂ ಮತ ಅನ್ನುವ 326ನೇ ವಿಧಿ ಜಾರಿಯಾಗುವ ಹೊತ್ತಿಗೆ ಪಟ್ಟಿಯ ಕೆಲಸ ಆಗಲೇ ಬಹಳ ದೂರ ಬಂದಿತ್ತು. 1950ರ ಮಾರ್ಚ್‌ನಲ್ಲಿ ಸುಕುಮಾರ್ ಸೇನ್ ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು.

ಕೆಲಸದ ಗಾತ್ರ ಊಹಿಸಿಕೊಳ್ಳಿ. ಕೊನೆಗೆ ಪಟ್ಟಿಯಲ್ಲಿ ಉಳಿದವರು 17.32 ಕೋಟಿ ಜನ. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18. ಹೆಂಗಸರಲ್ಲಿ ನೂರಕ್ಕೆ 9 ಕೂಡ ಇರಲಿಲ್ಲ. ಅಂದರೆ ತನ್ನ ಬಗ್ಗೆ ಏನು ಬರೆದುಕೊಂಡರು ಅಂತ ಇಣುಕಿ ಓದಿ, ‘ಇದು ನನ್ನ ಹೆಸರಲ್ಲ’ ಅನ್ನುವ ಶಕ್ತಿ ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ಇರಲಿಲ್ಲ. ಈ ಒಂದು ಅಂಶ ಮುಂದಿನ ಎಲ್ಲದಕ್ಕೂ ಬೇಕು, ನೆನಪಿಟ್ಟುಕೊಳ್ಳಿ.

ಪಟ್ಟಿ ಬರೆಯಲು ಬಂದವನು ಊರಿನ ಪಟವಾರಿಯೋ, ಶಾಲೆ ಮಾಸ್ತರೋ, ಇನ್ಯಾರೋ ಸಣ್ಣ ನೌಕರ. ಬಾಗಿಲಲ್ಲಿ ನಿಂತು ಕೇಳುತ್ತಾನೆ. ಗಂಡಸರಿದ್ದರೆ ಅವರೇ ಹೊರಗೆ ಬಂದು ಮನೆಯವರ ಲೆಕ್ಕ ಕೊಡುತ್ತಾರೆ. ಹೆಂಗಸೊಬ್ಬಳೇ ಇದ್ದರೆ ಒಳಗಿನಿಂದಲೇ ಉತ್ತರ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಆಗಿನ ಮಧ್ಯಭಾರತ, ವಿಂಧ್ಯಪ್ರದೇಶದ ಹಳ್ಳಿಗಳಲ್ಲಿ ಪರ ಗಂಡಸಿಗೆ ಹೆಂಗಸು ತನ್ನ ಹೆಸರು ಹೇಳುವ ರೂಢಿ ಇರಲಿಲ್ಲ. ಹೊಡೆದುಹಾಕಿದವರಲ್ಲಿ ಹೆಚ್ಚಿನವರು ಈ ಐದು ಕಡೆಯವರೇ. ಅಲ್ಲಿ ಮದುವೆಯಾಗಿ ಬಂದವಳನ್ನು ತವರೂರಿನ ಹೆಸರಿಂದ ಕರೆಯುವುದೂ ಉಂಟು, ಇಂಥ ಊರಿನವಳು ಅಂತ. ಮಗು ಹುಟ್ಟಿದ ಮೇಲೆ ಇಂಥವನ ತಾಯಿ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲೇ ಅವಳ ಸ್ವಂತ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ.

ಇದನ್ನು ಓದಿ ‘ಅಯ್ಯೋ ಉತ್ತರದವರು’ ಅಂದುಕೊಳ್ಳುವ ಮುಂಚೆ ನಮ್ಮ ಕಡೆ ಒಂದು ಸಲ ನೋಡಿಕೊಳ್ಳೋಣ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ಒಡಪು ಕಟ್ಟಿ ಹೇಳಿಸುವವರು ನಾವು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಅದೊಂದು ಚೆಂದದ ಆಟ, ನನಗೂ ಇಷ್ಟವೇ. ಆದರೆ ಹೆಸರಿಗೂ ಹೆಂಗಸಿಗೂ ನಡುವೆ ಒಂದು ಸಣ್ಣ ಪರದೆ ಇಲ್ಲೂ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ‘ಬಸ್ಯಾನ ಅವ್ವ’ ಅಂತ ಕರೆಸಿಕೊಂಡು ಕರೆಸಿಕೊಂಡೇ ಮುಪ್ಪಾದವರು ಪ್ರತಿ ಊರಲ್ಲೂ ಇದ್ದರು.

ಸೇನ್ ಮಾಡಿದ್ದು

ಪಟ್ಟಿ ತಪಾಸಣೆಗೆ ಬಂದಾಗ ಸೇನ್ ಅವರಿಗೆ ಇದು ಕಣ್ಣಿಗೆ ಬಿತ್ತು. ಹೆಸರು ಅನ್ನುವುದು ಮತದಾರರ ಗುರುತಿನ ಮುಖ್ಯ ಭಾಗ, ಅದಿಲ್ಲದೆ ಯಾರನ್ನೂ ಪಟ್ಟಿಯಲ್ಲಿ ಇಡಬಾರದು ಅಂತ ಆಯೋಗ ಹೇಳಿತು. ಸರಿಯಾದ ಹೆಸರು ಪಡೆದು ತಿದ್ದಿ, ಸಿಗದಿದ್ದರೆ ತೆಗೆಯಿರಿ. ಹೆಸರು ಹೇಳಿ ಅಂತ ಹೆಂಗಸರಿಗೆ ಮನವಿಗಳೂ ಹೋದವು. ಬಿಹಾರಕ್ಕೆ ಒಂದು ತಿಂಗಳು ಹೆಚ್ಚಿಗೆ ಕೊಟ್ಟರು. ಆ ಅವಧಿಯಲ್ಲಿ ಎಷ್ಟೋ ಜನರ ಹೆಸರು ಸೇರಿತು. ಆದರೂ ಸುಮಾರು 8 ಕೋಟಿ ಹೆಣ್ಣು ಮತದಾರರಲ್ಲಿ 28 ಲಕ್ಷದಷ್ಟು ಉಳಿದುಬಿಟ್ಟರು. ತೆಗೆದುಹಾಕಿದರು.

ಲೆಕ್ಕ ಹಾಕಿ ನೋಡಿದೆ. ಲೋಕಸಭೆಯಲ್ಲಿ ಆಗ ಚುನಾವಣೆ ನಡೆದದ್ದು 489 ಸ್ಥಾನಕ್ಕೆ. ಒಂದು ಸ್ಥಾನಕ್ಕೆ ಸರಾಸರಿ ಮೂರೂವರೆ ಲಕ್ಷ ಮತದಾರರು. 28 ಲಕ್ಷ ಅಂದರೆ ಎಂಟು ಸ್ಥಾನಗಳ ಅಷ್ಟೂ ಮತದಾರರು. ಶೇಕಡಾ ಮೂರೂವರೆ ಅಂದರೆ ಸಣ್ಣದಾಗಿ ಕೇಳುತ್ತದೆ. ಎಂಟು ಕ್ಷೇತ್ರದಲ್ಲಿ ಚುನಾವಣೆಯೇ ನಡೆಯಲಿಲ್ಲ ಅಂದುಕೊಂಡರೆ ಆಗ ಅದರ ತೂಕ ಗೊತ್ತಾಗುತ್ತದೆ.

ಸೇನ್ ಮಾಡಿದ್ದು ಸರಿಯೋ ತಪ್ಪೋ? ನನ್ನ ಮಟ್ಟಿಗೆ ಅವರ ವಾದದಲ್ಲಿ ಹುರುಳಿದೆ. ‘ರಾಮಲಾಲನ ಹೆಂಡತಿ’ ಅಂತ ಪಟ್ಟಿಯಲ್ಲಿದ್ದರೆ ಮತಗಟ್ಟೆಗೆ ಯಾರು ಬಂದು ನಾನೇ ಅಂದರೂ ನಡೆಯುತ್ತದೆ. ಇಬ್ಬರು ಹೆಂಡಿರಿದ್ದರೆ? ಸೊಸೆಯ ಬದಲು ನಾದಿನಿ ಬಂದರೆ? ಅದಕ್ಕಿಂತ ದೊಡ್ಡದು, ಗಂಡನ ನೆರಳಲ್ಲಿ ಮತ ಕೊಡುವುದಕ್ಕೆ ಗಣರಾಜ್ಯ ಒಪ್ಪಲಿಲ್ಲ. ಇದರಿಂದ ಗದ್ದಲವಾದರೆ ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ಹಿಂಜರಿಕೆ ಹೋಗುತ್ತದೆ ಅನ್ನುವುದು ಸೇನ್ ಅವರ ನಂಬಿಕೆಯಾಗಿತ್ತು. ಹಾಗಂತ ಅವರು ಹೆಂಗಸರ ಬಗ್ಗೆ ಕಾಳಜಿ ಇಲ್ಲದವರೇನಲ್ಲ. ಆ ಚುನಾವಣೆಯಲ್ಲಿ ಹೆಂಗಸರಿಗಾಗಿಯೇ 27,527 ಮತಗಟ್ಟೆ ಮೀಸಲಿಟ್ಟಿದ್ದರು.

ಆದರೂ ನನಗೆ ಒಂದು ಕಿರಿಕಿರಿ ಉಳಿಯುತ್ತದೆ. ಈ ಕಥೆ ಹೇಳುವ ಎಲ್ಲರೂ ‘ಹೆಸರು ಹೇಳಲು ನಿರಾಕರಿಸಿದ ಹೆಂಗಸರು’ ಅಂತಲೇ ಬರೆಯುತ್ತಾರೆ. ಹೇಳದವರು ಅವರು, ಸರಿ. ಬರೆದುಕೊಂಡವನು ಯಾರು? ಹೆಸರಿನ ಕಾಲಂನಲ್ಲಿ ‘ಹೆಂಡತಿ’ ಅಂತ ತುಂಬಿ, ಅದನ್ನೇ ಹೆಸರು ಅಂದುಕೊಂಡು ಮುಂದಿನ ಮನೆಗೆ ಹೋದವನು? ಅದನ್ನು ನೋಡಿ ಸಹಿ ಹಾಕಿದ ಮೇಲಿನವನು? ಗಂಡಸರ ವಿಷಯದಲ್ಲಿ ಯಾರಾದರೂ ‘ಇಂಥವಳ ಗಂಡ’ ಅಂತ ಬರೆದು ತಂದಿದ್ದರೆ ಸಂಜೆಗೇ ಬೈಸಿಕೊಂಡು ವಾಪಸ್ ಹೋಗುತ್ತಿದ್ದ, ಅಲ್ವಾ? ತಪ್ಪು ಕಾಗದದ್ದು, ಶಿಕ್ಷೆ ಹೆಂಗಸಿಗೆ. ಆ ಒಂದು ತಿಂಗಳ ಹೆಚ್ಚುವರಿ ಕಾಲದಲ್ಲೂ ಆ ಹೆಂಗಸಿಗೆ ತನ್ನನ್ನು ಪಟ್ಟಿಯಲ್ಲಿ ಏನಂತ ಬರೆದಿದ್ದಾರೆ ಅಂತ ಓದಲು ಬರುತ್ತಿರಲಿಲ್ಲ.

ಗಂಡನ ಮೂಲಕ ಬಂದ ಮತ

‘ಹೆಂಡತಿ’ ಅನ್ನುವ ಪದ ಮತದಾರರ ಪಟ್ಟಿಯೊಳಗೆ ನುಸುಳಿದ್ದು ಆಗಲೇ ಮೊದಲಲ್ಲ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1917ರಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಹೆಂಗಸರ ನಿಯೋಗವೊಂದು ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತು. ಅದೇ ವರ್ಷ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹುಟ್ಟಿತ್ತು. ಬ್ರಿಟಿಷರು ತಂದ 1919ರ ಭಾರತ ಸರ್ಕಾರ ಕಾಯ್ದೆ ಈ ವಿಷಯವನ್ನು ಪ್ರಾಂತ್ಯಗಳ ಮೇಲೆ ಹಾಕಿ ಕೈತೊಳೆದುಕೊಂಡಿತು. 1921ರಲ್ಲಿ ಮದರಾಸು, ಮುಂಬಯಿ ಎರಡೂ ಒಪ್ಪಿದವು. ಹಾಗಾಗಿ ದಕ್ಷಿಣ ಕನ್ನಡ, ಬಳ್ಳಾರಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಹೆಂಗಸರಿಗೂ ಕಾಗದದ ಮೇಲೆ ಮತ ಬಂತು. ಷರತ್ತು ಗಂಡಸರಿಗೆ ಇದ್ದದ್ದೇ: ಆಸ್ತಿ ಇರಬೇಕು, ತೆರಿಗೆ ಕಟ್ಟಬೇಕು. ಸ್ವಂತ ಹೆಸರಲ್ಲಿ ಜಮೀನಿದ್ದ ಹೆಂಗಸರು ಎಷ್ಟಿದ್ದಾರು? ಬೆರಳೆಣಿಕೆ. ಆ ಬೆರಳೆಣಿಕೆಯ ಕಾಲದಲ್ಲೇ, 1926ರಲ್ಲಿ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನ ಪರಿಷತ್ತಿಗೆ ನಿಂತರು. ಆಗ ಅವರಿಗೆ 23 ವರ್ಷ. ಬಹಳ ಕಡಿಮೆ ಅಂತರದಲ್ಲಿ ಸೋತರು. ಅವರ ಹೆಸರು ಉಳಿದಿದೆ. ಅವರಿಗೆ ಮತ ಕೇಳುತ್ತಾ ಮನೆಮನೆ ತಿರುಗಿದ ಹೆಂಗಸರ ಹೆಸರು ಕೇಳಿ ನೋಡಿ.

ಹೆಣ್ಣು ಮತದಾರರ ಸಂಖ್ಯೆ ಹೆಚ್ಚಿಸುವುದು ಹೇಗೆ ಅಂತ 1932ರಲ್ಲಿ ಲೋಥಿಯನ್ ಸಮಿತಿ, ಅಂದರೆ ಮತದ ಹಕ್ಕು ಯಾರಿಗೆ ಅಂತ ನೋಡಲು ಬ್ರಿಟಿಷರು ನೇಮಿಸಿದ ಸಮಿತಿ, ತಲೆ ಕೆಡಿಸಿಕೊಂಡಿತು. ಸಿಕ್ಕ ದಾರಿ: ಆಸ್ತಿ ಇರುವ ಗಂಡಸಿನ ಹೆಂಡತಿಗೆ ಮತ ಕೊಟ್ಟರಾಯಿತು. ಹೆಂಗಸರ ಸಂಘಟನೆಗಳು ಇದು ಬೇಡ ಅಂದವು. ಹೆಂಡತಿ ಅಂತ ಕೊಡಬೇಡಿ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ. ಆದರೂ 1935ರ ಕಾಯ್ದೆಯಲ್ಲಿ ಅದೇ ಬಂತು. ಸುಮಾರು 60 ಲಕ್ಷ ಹೆಂಗಸರು ಮತದಾರರಾದರು, ಅವರಲ್ಲಿ ಬಹಳ ಮಂದಿ ಗಂಡನ ಆಸ್ತಿಯ ಬಲದಿಂದ. ಹಲವು ಪ್ರಾಂತ್ಯಗಳಲ್ಲಿ ಹೆಂಡತಿಯಾದವಳು ಬೇರೆ ಅರ್ಜಿ ಹಾಕಿದರೆ ಮಾತ್ರ ಪಟ್ಟಿಗೆ.

ಹದಿಮೂರು ವರ್ಷದ ಮೇಲೆ ಪಟವಾರಿ ‘ಇಂಥವರ ಹೆಂಡತಿ’ ಅಂತ ಬರೆದದ್ದಕ್ಕೆ ಈ ಕಾಯ್ದೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ರೂಢಿ ಅದಕ್ಕಿಂತ ಹಳೆಯದು. ಆದರೆ ನಿನ್ನೆವರೆಗೆ ಸರ್ಕಾರವೇ ‘ನೀನು ಇಂಥವನ ಹೆಂಡತಿ, ಅದಕ್ಕೆ ನಿನಗೆ ಮತ’ ಅಂದಿತ್ತು. ಈಗ ಅದೇ ಸರ್ಕಾರದ ಕಚೇರಿ ‘ಇಂಥವನ ಹೆಂಡತಿ ಅಂದರೆ ನಡೆಯುವುದಿಲ್ಲ’ ಅಂತು. ನಡುವೆ ಸ್ವಾತಂತ್ರ್ಯ ಬಂದಿತ್ತು ನಿಜ. ಆ ಬದಲಾವಣೆ ದೆಹಲಿಯಿಂದ ಹೊರಟು ಹಳ್ಳಿಯ ಬಾಗಿಲು ಮುಟ್ಟಲು ಬಿಹಾರಕ್ಕೆ ಹೆಚ್ಚಿಗೆ ಕೊಟ್ಟದ್ದು ಒಂದು ತಿಂಗಳು.

ಅದೇ ಕೆಲಸ, ಇನ್ನೊಂದು ಕಾಗದ

ಪಕ್ಕದಲ್ಲಿ ಇನ್ನೊಂದು ಕಾಗದ ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1893ರಲ್ಲಿ ನ್ಯೂಜಿಲೆಂಡಿನ ಹೆಂಗಸರು ಮತ ಕೇಳಿ ಸಂಸತ್ತಿಗೆ ಅರ್ಜಿ ಕೊಟ್ಟರು. ಎಲ್ಲ ಸೇರಿ ಸುಮಾರು 32,000 ಸಹಿ. ಮುಖ್ಯ ಅರ್ಜಿಯ 546 ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆ ಕೋಲಿಗೆ ಸುತ್ತಿ ಒಂದೇ ಸುರುಳಿ ಮಾಡಿದ್ದರು. ಬಿಚ್ಚಿದರೆ 270 ಮೀಟರ್. ಅದೇ ವರ್ಷ ಸೆಪ್ಟೆಂಬರ್ 19ಕ್ಕೆ ಕಾನೂನು ಬಂತು.

ಮುಂದೆ ನಿಂತವರು ಕೇಟ್ ಶೆಪರ್ಡ್. ಆದರೆ ಆ ಸುರುಳಿಯಲ್ಲಿ ಅವರ ಹೆಸರಿನಷ್ಟೇ ಜಾಗ ಒಬ್ಬ ದರ್ಜಿ ಹೆಂಗಸಿನ ಹೆಸರಿಗೂ ಇದೆ, ಎಲ್ಲೋ ದೂರದ ಹೊಲದ ಮನೆಯ ಹೆಂಗಸಿಗೂ ಇದೆ. ಹೆಸರು, ಪಕ್ಕದಲ್ಲಿ ವಾಸದ ಜಾಗ. ಇಷ್ಟೇ. ಆ ಅರ್ಜಿಯನ್ನು ಜೋಪಾನವಾಗಿ ಉಳಿಸಿಕೊಂಡರು. ಈಗ ಅದು ವೆಲಿಂಗ್ಟನ್ನಿನ ನ್ಯಾಷನಲ್ ಲೈಬ್ರರಿಯಲ್ಲಿ ಪ್ರದರ್ಶನಕ್ಕಿದೆ. ಹೆಸರುಗಳನ್ನು ಅಂತರ್ಜಾಲದಲ್ಲಿ ಹುಡುಕಬಹುದು. ಇದು ನಮ್ಮ ಮುತ್ತಜ್ಜಿ ಅಂತ ಗುರುತಿಸಿದವರು ಅವಳ ಕಥೆ ಬರೆದು ಕಳಿಸಿದರೆ ಆ ಹೆಸರಿನ ಕೆಳಗೆ ಸೇರಿಸುತ್ತಾರೆ. ಎಲ್ಲೋ ಮೂಲೆಯಲ್ಲಿ ಬೆಣ್ಣೆ ಕಡೆಯುತ್ತಾ ಬದುಕಿದವಳಿಗೂ ಹೀಗೆ ಒಂದು ಪುಟ್ಟ ಚರಿತ್ರೆ ಸಿಗುತ್ತದೆ.

ಅಲ್ಲೂ ಎಲ್ಲ ಸರಿ ಇತ್ತು ಅಂತಲ್ಲ. ಅಲ್ಲಿ ಮತದ ಹಕ್ಕಿನ ಬಗ್ಗೆ ಮೊದಲ ಕಿರುಹೊತ್ತಿಗೆ 1869ರಲ್ಲೇ ಬಂದಿತ್ತು. ಬರೆದವರ ಹೆಸರು ‘ಫೆಮಿನಾ’ ಅಂತಷ್ಟೇ. ನಿಜವಾದ ಹೆಸರು ಮೇರಿ ಮುಲ್ಲರ್. ಗಂಡ ಮ್ಯಾಜಿಸ್ಟ್ರೇಟ್, ಅವನಿಗೆ ಈ ವಿಚಾರ ಹಿಡಿಸುತ್ತಿರಲಿಲ್ಲ. ಅವನು ಸಾಯುವವರೆಗೂ ಆಕೆ ತನ್ನ ಹೆಸರು ಹೊರಗೆ ಬಿಡಲಿಲ್ಲ. ಬಿಹಾರದ ಹೆಂಗಸು ನಾಚಿಕೊಂಡು ಹೆಸರು ಮುಚ್ಚಿಟ್ಟಳು ಅಂತ ನಗುವವರಿಗೆ ಇದನ್ನು ಹೇಳಬೇಕು. ಓದಿದವಳು, ಬರೆಯುವವಳು, ಊರಿನ ದೊಡ್ಡ ಮನೆಯವಳು, ಅವಳಿಗೂ ಗಂಡ ಬದುಕಿರುವವರೆಗೆ ಹೆಸರು ಹೇಳಲಾಗಲಿಲ್ಲ. ಆದರೆ ಒಂದು ವ್ಯತ್ಯಾಸ. ಅವಳು ಬರೆದದ್ದು ಅಚ್ಚಾಗಿತ್ತು, ಹಾಗಾಗಿ ಹೆಸರು ತಡವಾಗಿಯಾದರೂ ಬಂದು ಅದಕ್ಕೆ ಸೇರಿಕೊಂಡಿತು. ನಮ್ಮ 28 ಲಕ್ಷ ಜನರ ವಿಷಯದಲ್ಲಿ ಬಂದು ಸೇರಿಕೊಳ್ಳಲು ಒಂದು ಸಾಲೂ ಉಳಿಯಲಿಲ್ಲ.

ಹುಡುಕುವವರಿಗೆ

ಊರಿನ ಚರಿತ್ರೆ ಬರೆಯುವವರು ‘ಹೆಂಗಸರ ಬಗ್ಗೆ ಆಧಾರವೇ ಸಿಗುವುದಿಲ್ಲ’ ಅಂತ ಕೈಚೆಲ್ಲುವುದನ್ನು ಕೇಳಿದ್ದೇನೆ. ಈ ಪ್ರಕರಣ ನೋಡಿದ ಮೇಲೆ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆಧಾರ ಇರುತ್ತದೆ, ಬೇರೆಯವರ ಹೆಸರಿನ ಕೆಳಗೆ ಇರುತ್ತದೆ. ‘ಇಂಥವರ ಹೆಂಡತಿ’ ಅನ್ನುವ ಸಾಲು ಕಂಡರೆ ಅದನ್ನು ಖಾಲಿ ಸಾಲು ಅಂತ ದಾಟಬಾರದು. ಆ ಗಂಡಸಿನ ಹೆಸರು ಹಿಡಿದು ಜಮೀನಿನ ದಾಖಲೆಗೆ ಹೋಗಿ. ಅವನು ಸತ್ತ ಮೇಲೆ ಖಾತೆ ಯಾರ ಹೆಸರಿಗೆ ಹೋಯಿತು? ವಿಧವೆಯ ಹೆಸರು ಅಲ್ಲಿ ಬಂದಿರಬಹುದು. ಗಂಡ ಬದುಕಿರುವಾಗ ಎಲ್ಲೂ ಇಲ್ಲದ ಹೆಸರು ಕೆಲವು ಸಲ ಅವನು ಹೋದ ಮೇಲೆ ಕಾಗದದ ಮೇಲೆ ಬರುತ್ತದೆ. ವಿಚಿತ್ರ, ಆದರೆ ಕೆಲಸಕ್ಕೆ ಬರುವ ವಿಚಿತ್ರ. ಚಳವಳಿಯಲ್ಲಿದ್ದವರಾದರೆ ಜೈಲಿನ ದಾಖಲೆ ಇನ್ನೂ ವಾಸಿ. ಕೈದಿಯನ್ನು ‘ಇಂಥವನ ಹೆಂಡತಿ’ ಅಂತ ಒಳಗೆ ಹಾಕಲು ಆಗುವುದಿಲ್ಲವಲ್ಲ.

ಹಳೇ ಕಾಲಕ್ಕೆ ಹೋದರೂ ಇದೇ ಪಾಡು. ನಮ್ಮ ಊರುಗಳ ಅಂಚಿನಲ್ಲಿ ನಿಂತಿರುವ ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆದ್ದಿರುತ್ತದೆ, ಅಕ್ಷರ ಇರುವುದಿಲ್ಲ. ಕೈ ಯಾರದ್ದು? ಊರವರಿಗೆ ಅದು ಬರೀ ಮಾಸ್ತಿಯಮ್ಮ. ಅದೇ ಲಕ್ಕುಂಡಿಯ 1007ರ ಶಾಸನ ಅತ್ತಿಮಬ್ಬೆಯನ್ನು ಹೆಸರು ಹಿಡಿದು ಹೊಗಳುತ್ತದೆ, ಸಾವಿರ ವರ್ಷದ ಮೇಲೂ ನಾವು ಆ ಹೆಸರು ಹೇಳುತ್ತಿದ್ದೇವೆ. ಅವರು ದೊಡ್ಡವರು, ದಾನ ಮಾಡಿದವರು, ಅದಕ್ಕೆ ಬರೆದರು ಅನ್ನಬಹುದು. ಹೌದು. ಕಲ್ಲಿಗೆ ದುಡ್ಡು ಬೇಕು. ಮತದಾರರ ಪಟ್ಟಿಗೆ ಅದೂ ಬೇಕಿರಲಿಲ್ಲ.

ಇನ್ನೊಂದು ಮಾತು, ಬಾಯಿ ಮಾತಿನ ಚರಿತ್ರೆ ಸಂಗ್ರಹಿಸುವವರಿಗೆ. ಹೆಂಗಸಿನ ಹೆಸರು ಅವಳ ಗಂಡನನ್ನೋ ಮಗನನ್ನೋ ಕೇಳುವ ಬದಲು ಅವಳ ತವರಿನವರನ್ನು ಕೇಳಿ. ಹುಟ್ಟಿದ ಮನೆಯಲ್ಲಿ ಅವಳು ಯಾರ ತಾಯಿಯೂ ಆಗಿರಲಿಲ್ಲ, ಹೆಸರು ಹಿಡಿದೇ ಕರೆದಿರುತ್ತಾರೆ. ಬರೆದುಕೊಳ್ಳಲು ಹೆಂಗಸರನ್ನೇ ಕಳಿಸಿ. 1948ರಲ್ಲಿ ಇದೊಂದನ್ನು ಮಾಡಿದ್ದರೂ ಸಂಖ್ಯೆ ಎಷ್ಟೋ ಇಳಿಯುತ್ತಿತ್ತು ಅನ್ನುವುದು ನನ್ನ ಊಹೆ.

ಆ ಚುನಾವಣೆಯ ಮೊದಲ ಮತ ಬಿದ್ದದ್ದು 1951ರ ಅಕ್ಟೋಬರ್ 25ರಂದು, ಹಿಮಾಚಲದ ಚೀನಿ ಅನ್ನುವ ಊರಲ್ಲಿ. ಈಗ ಅದನ್ನು ಕಲ್ಪಾ ಅನ್ನುತ್ತಾರೆ. ಚಳಿಗಾಲದ ಹಿಮ ಬೀಳುವ ಮುಂಚೆ ಮುಗಿಸಬೇಕು ಅಂತ ಅಲ್ಲಿ ಎಲ್ಲರಿಗಿಂತ ಮೊದಲು ಮತದಾನ ಇಟ್ಟಿದ್ದರು. ಮೊದಲು ಹಾಕಿದವರು ಶಾಲೆ ಮಾಸ್ತರ ಶ್ಯಾಮ್ ಸರಣ್ ನೇಗಿ. ಇದು ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಚುನಾವಣಾ ಆಯೋಗದವರು ಹಳೇ ದಾಖಲೆ ತಡಕಿ, ಊರಿಗೆ ಹೋಗಿ, ಇವರೇ ಅಂತ ಗುರುತು ಹಿಡಿದರು. ಆಮೇಲೆ ಪ್ರತಿ ಚುನಾವಣೆಯಲ್ಲೂ ಅವರ ಫೋಟೋ ಬಂತು. 2022ರ ನವೆಂಬರ್‌ನಲ್ಲಿ, 105ನೇ ವಯಸ್ಸಿನಲ್ಲಿ, ಅಂಚೆ ಮತ ಹಾಕಿ ಮೂರು ದಿನಕ್ಕೆ ತೀರಿಕೊಂಡಾಗ ಸರ್ಕಾರಿ ಗೌರವದಿಂದ ಕಳಿಸಿಕೊಟ್ಟರು. ಒಬ್ಬ ಹಳ್ಳಿ ಮಾಸ್ತರರಿಗೆ ಸಿಕ್ಕ ಈ ನೆನಪು ನನಗೆ ತುಂಬಾ ಹಿಡಿಸಿದ ಸಂಗತಿ.

ಅವತ್ತು ಬೆಳಿಗ್ಗೆ ಅದೇ ಮತಗಟ್ಟೆಯಲ್ಲಿ ಮೊದಲು ಮತ ಹಾಕಿದ ಹೆಂಗಸು ಯಾರು ಅನ್ನುವ ಪ್ರಶ್ನೆಯನ್ನು ನಾನು ಇನ್ನೂ ಎಲ್ಲೂ ಓದಿಲ್ಲ.